ಹಿತ್ತಲಲ್ಲಿ ಒಂಬತ್ತು, ಮೈದಾನದಲ್ಲಿ ಸೊನ್ನೆ

ಪ್ರಶ್ನೆ: ನಾವು ಒಹಾಯೊದ ಕೊಲಂಬಸ್ ಹತ್ತಿರ ಇದ್ದೇವೆ. ನಮ್ಮ ನಾಯಿ ಚುಕ್ಕಿಗೆ ಎರಡೂವರೆ ವರ್ಷ, 17 ಕೆ.ಜಿ. ಶೆಲ್ಟರ್‌ನಿಂದ ತಂದದ್ದು. ಬಾರ್ಡರ್ ಕಾಲಿ ಜೊತೆ ಇನ್ನೇನೋ ಬೆರೆತಿದೆ ಅಂದರು. ಹಿತ್ತಲಲ್ಲಿ ಫ್ರಿಸ್ಬೀ, ಅಂದರೆ ಹಾರುವ ಡಿಸ್ಕ್, ಎಸೆದರೆ ಹತ್ತಕ್ಕೆ ಒಂಬತ್ತು ಹಿಡಿಯುತ್ತಾಳೆ. ಅದೇ ಧೈರ್ಯದಲ್ಲಿ ಕಳೆದ ತಿಂಗಳು ಪಾರ್ಕ್‌ನಲ್ಲಿ ನಡೆದ ನಾಯಿಗಳ ಫ್ರಿಸ್ಬೀ ಸ್ಪರ್ಧೆಗೆ ಹೆಸರು ಕೊಟ್ಟೆ. 60 ಸೆಕೆಂಡಿನಲ್ಲಿ ನಾಲ್ಕು ಸಲ ಎಸೆದೆ. ಎರಡು ಸಲ ಡಿಸ್ಕ್ ಬಲಕ್ಕೆ ಹೋಗಿ ನೆಲಕ್ಕೆ ಬಡಿಯಿತು. ಅದನ್ನು ಬಾಯಲ್ಲಿ ಹಿಡಿದು ಮೈದಾನವೆಲ್ಲ ಸುತ್ತಿದಳು, ಕೊಡಲೇ ಇಲ್ಲ. ಮೂರನೆಯದು ತಲೆ ಮೇಲೆ ಹೋಯಿತು. ಒಂದನ್ನು ಹಿಡಿದಳು, ಆದರೆ ಅದು ಮೊದಲ ಗೆರೆಯ ಒಳಗೇ, ಅಂಕ ಇಲ್ಲ ಅಂದರು. ಅವಳಿಗೆ ಏನು ತರಬೇತಿ ಕೊಡಬೇಕು? ಎತ್ತರ ಹಾರಲು ಕಲಿಸಬೇಕಾ? ಇನ್ನೊಂದು ಪ್ರಶ್ನೆ. ಬಾಗಲಕೋಟೆಯಲ್ಲಿ ನಮ್ಮಣ್ಣ ಮುಧೋಳ ನಾಯಿ ಸಾಕಿದ್ದಾರೆ, ಒಂಬತ್ತು ತಿಂಗಳ ಮರಿ. ಅದಕ್ಕೂ ಈ ಆಟ ಆಗುತ್ತದಾ?

ಉತ್ತರ: ಉತ್ತರ ನಿಮ್ಮ ಪತ್ರದಲ್ಲೇ ಇದೆ. ‘ಡಿಸ್ಕ್ ಬಲಕ್ಕೆ ಹೋಯಿತು’ ಅಂತ ಬರೆದಿದ್ದೀರಿ. ಅದು ತಾನಾಗಿ ಹೋಗಲಿಲ್ಲ ಅಲ್ವಾ? ನೀವು ಕಳಿಸಿದಿರಿ. ತರಬೇತಿ ಬೇಕಾಗಿರುವುದು ಚುಕ್ಕಿಗಲ್ಲ, ನಿಮ್ಮ ಬಲಗೈಗೆ.

ಬೇಸರ ಮಾಡಿಕೊಳ್ಳಬೇಡಿ, ನನ್ನ ಕಥೆ ಇನ್ನೂ ಕಡೆ. ಹದಿಮೂರು ವರ್ಷದ ಹಿಂದೆ ನಾರ್ತ್ ಕ್ಯಾರೊಲೈನಾದ ಒಂದು ಪಾರ್ಕ್‌ನಲ್ಲಿ ನಾನು ಮೊದಲ ಸಲ ಇಳಿದೆ. ನನ್ನ ಮೊದಲ ಎಸೆತ ಜಡ್ಜ್‌ಗಳ ಮೇಜಿನ ಕೆಳಗೆ ಹೋಯಿತು. ನಮ್ಮ ನಾಯಿ ಗುಂಡ ಅದರ ಹಿಂದೆಯೇ ಓಡಿ, ಅಲ್ಲಿದ್ದ ಯಾರದೋ ಸ್ಯಾಂಡ್‌ವಿಚ್ ತಿಂದು, ಖುಷಿಯಾಗಿ ವಾಪಸು ಬಂದ. ಮನೆಗೆ ಬರುವಾಗ ಕಾರಿನಲ್ಲಿ ಪೂರ್ತಿ ಅವನಿಗೇ ಬೈದೆ. ನನ್ನ ಹೆಂಡತಿ ಕಿಟಕಿಯ ಹೊರಗೆ ನೋಡುತ್ತಾ, ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂದಳು. ಆ ಸಿಟ್ಟಿಗೆ ಎಸೆಯುವುದನ್ನು ಕಲಿತೆ. ಆಮೇಲೆ ಎಷ್ಟೋ ಸಲ ಗೆರೆಯ ಪಕ್ಕ ಜಡ್ಜ್ ಆಗಿಯೂ ನಿಂತಿದ್ದೇನೆ. ಅಲ್ಲಿ ಕಂಡದ್ದು ಒಂದೇ: ಹೊಸಬರ ಸುತ್ತು ಕೆಡುವುದು ಹೆಚ್ಚಾಗಿ ನಾಯಿಯಿಂದಲ್ಲ.

ಮೊದಲು ಹಿತ್ತಲಿಗೂ ಮೈದಾನಕ್ಕೂ ಏನು ವ್ಯತ್ಯಾಸ ನೋಡೋಣ. ನೀವು ಆಡಿದ್ದು ಎಸೆದು ಹಿಡಿಯುವ ಆಟ, ಟಾಸ್ ಆ್ಯಂಡ್ ಫೆಚ್ ಅನ್ನುತ್ತಾರೆ. ಒಂದೇ ಡಿಸ್ಕ್. ಸಮಯ 60 ಅಥವಾ 90 ಸೆಕೆಂಡು. ಎಸೆಯುವವರು ಗೆರೆಯ ಹಿಂದೆ ನಿಂತೇ ಎಸೆಯಬೇಕು. ಮುಂದೆ ಹತ್ತು ಹತ್ತು ಗಜಕ್ಕೆ ಗೆರೆ ಎಳೆದಿರುತ್ತಾರೆ. ನಾಯಿ ದೂರದಲ್ಲಿ ಹಿಡಿದಷ್ಟೂ ಅಂಕ ಜಾಸ್ತಿ. ನಾಲ್ಕೂ ಕಾಲು ನೆಲ ಬಿಟ್ಟು ಗಾಳಿಯಲ್ಲಿ ಹಿಡಿದರೆ ಅರ್ಧ ಅಂಕ ಹೆಚ್ಚು ಕೊಡುವುದು ರೂಢಿ. ಸಣ್ಣಪುಟ್ಟ ನಿಯಮ ಸಂಘಟನೆಯಿಂದ ಸಂಘಟನೆಗೆ ಬದಲಾಗುತ್ತದೆ. ಆದರೆ ಹತ್ತು ಗಜದ ಒಳಗಿನದಕ್ಕೆ ಬಹಳ ಕಡೆ ಸೊನ್ನೆಯೇ. ನಿಮ್ಮ ಹಿತ್ತಲು ಎಷ್ಟು ಉದ್ದ? ಹೆಚ್ಚೆಂದರೆ ಹನ್ನೆರಡು ಗಜ ಇರಬಹುದು. ಅಂದರೆ ಚುಕ್ಕಿಯ ಒಂಬತ್ತಕ್ಕೆ ಒಂಬತ್ತೂ ಸೊನ್ನೆಯ ಜಾಗದಲ್ಲೇ ಹಿಡಿದವು. ಸುತ್ತ ಬೇಲಿ ಇರುವುದರಿಂದ ಗಾಳಿಯೂ ಅಷ್ಟಾಗಿ ಬರುವುದಿಲ್ಲ.

ಕ್ರಿಕೆಟ್ ಪಿಚ್ 22 ಗಜ. ಒಳಗಿನ ವೃತ್ತ 30 ಗಜ. ಹೊಸಬರು ಆ ವೃತ್ತದ ಗೆರೆಯ ತನಕ ನೆಟ್ಟಗೆ ಎಸೆಯಲು ಕಲಿತರೆ ಸಾಕು. ಲೆಕ್ಕ ಹಾಕಿ. ಅಷ್ಟು ದೂರ ಓಡಿ ಹಿಡಿದು ವಾಪಸು ಬರಲು ಚುರುಕಾದ ನಾಯಿಗೆ ಹತ್ತು ಹನ್ನೆರಡು ಸೆಕೆಂಡು ಬೇಕು. 60 ಸೆಕೆಂಡಿನಲ್ಲಿ ಐದು ಎಸೆತ ಆಯಿತು. ಪ್ರತಿ ಸಲ ಡಿಸ್ಕ್ ಕೊಡದೆ ಐದು ಸೆಕೆಂಡು ಆಟ ಆಡಿಸಿದರೆ ಎಸೆತ ಮೂರೂವರೆಗೆ ಇಳಿಯುತ್ತದೆ. ಹಾಗಾಗಿ ನೀವು ಗಮನ ಕೊಡಬೇಕಾದ್ದು ಎರಡೇ ವಿಷಯಕ್ಕೆ: ಡಿಸ್ಕ್ ಹೋಗುವ ದಾರಿ, ನಾಯಿ ಬರುವ ದಾರಿ. ಎತ್ತರ ಹಾರುವುದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಈಗ ಕೈಗೆ ಬರೋಣ. ಬುಗುರಿ ಯಾಕೆ ಬೀಳದೆ ನಿಲ್ಲುತ್ತದೆ? ತಿರುಗುವುದರಿಂದ. ಡಿಸ್ಕೂ ಅಷ್ಟೇ. ಅದನ್ನು ಗಾಳಿಯಲ್ಲಿ ಸಮವಾಗಿ ಹಿಡಿದಿಡುವುದು ತಿರುಗುವ ವೇಗ, ನಿಮ್ಮ ತೋಳಿನ ಬಲ ಅಲ್ಲ. ಹೊಸಬರು ಭುಜದಿಂದ ಬಲವಾಗಿ ಬೀಸುತ್ತಾರೆ, ಮಣಿಕಟ್ಟು ಸುಮ್ನೆ ಇರುತ್ತದೆ. ಡಿಸ್ಕ್ ಓಲಾಡಿಕೊಂಡು ಹೋಗುತ್ತದೆ. ಓಲಾಡುವ ಡಿಸ್ಕನ್ನು ಯಾವ ನಾಯಿಯೂ ಅಂದಾಜು ಮಾಡಲಾರದು. ಇಸ್ಪೀಟ್ ಎಲೆಯನ್ನು ಮೇಜಿನ ಆಚೆ ತುದಿಗೆ ಹೇಗೆ ಜಾರಿಸಿ ಹಾಕುತ್ತೀರಿ? ಆ ಮಣಿಕಟ್ಟಿನ ಚಿಮ್ಮು ಬೇಕು. ಗುರಿಗೆ ಪಕ್ಕವಾಗಿ ನಿಲ್ಲಿ, ಬಲಗಾಲು ಮುಂದೆ. ಹೆಬ್ಬೆರಳು ಮೇಲೆ, ಉಳಿದ ಬೆರಳು ಅಂಚಿನ ಒಳಗೆ. ಡಿಸ್ಕನ್ನು ಎದೆಯ ಮುಂದೆ ನೇರ ಗೆರೆಯಲ್ಲಿ ಎಳೆದು, ಕೊನೆಯಲ್ಲಿ ಮಣಿಕಟ್ಟು ಚಿಮ್ಮಿಸಿ.

ನಿಮ್ಮದು ಬಲಕ್ಕೆ ತಿರುಗಿ ಬಿದ್ದದ್ದು ಯಾಕೆ? ಬಿಡುವಾಗ ಡಿಸ್ಕಿನ ಆಚೆಯ ಅಂಚು, ಅಂದರೆ ನಿಮ್ಮ ಕೈ ಹಿಡಿಯದ ಅಂಚು, ಮೇಲೆದ್ದಿರುತ್ತದೆ. ಬಲಗೈಯವರು ಹೀಗೆ ಬಿಟ್ಟರೆ ಅದು ಬಲಕ್ಕೆ ಮಗುಚಿಕೊಳ್ಳುತ್ತದೆ. ನಾಯಿಗಳ ಡಿಸ್ಕ್ ಹಗುರ, ಆದ್ದರಿಂದ ಇನ್ನೂ ಬೇಗ ಮಗುಚುತ್ತದೆ. ಆ ಅಂಚನ್ನು ಒಂದು ಬೆರಳಿನಷ್ಟು ಕೆಳಗೆ ಇಟ್ಟು ಬಿಡಿ. ಮೊದಲ ದಿನವೇ ವ್ಯತ್ಯಾಸ ಕಾಣುತ್ತದೆ.

ಗಾಳಿಯ ವಿಷಯ ಗಾಳಿಪಟ ಹಾರಿಸಿದವರಿಗೆ ಹೇಳಿಕೊಡಬೇಕಿಲ್ಲ. ಎದುರು ಗಾಳಿಗೆ ಎಸೆದರೆ ಡಿಸ್ಕ್ ಮೇಲೇಳುತ್ತದೆ. ಆಗ ಡಿಸ್ಕಿನ ಮೂತಿ, ಅಂದರೆ ಮುಂದಿನ ಅಂಚು, ತಗ್ಗಿಸಿ, ತಿರುಗು ಜಾಸ್ತಿ ಕೊಟ್ಟು, ತಗ್ಗಾಗಿ ಎಸೆಯಬೇಕು. ಹಿಂದಿನಿಂದ ಗಾಳಿ ಬಂದರೆ ಡಿಸ್ಕ್ ಬೇಗ ಕುಸಿಯುತ್ತದೆ. ಆಗ ಮೂತಿ ಒಂಚೂರು ಮೇಲೆ. ಪಕ್ಕದ ಗಾಳಿಯೇ ತಲೆನೋವು. ಗಾಳಿ ಬರುವ ಕಡೆಯ ಅಂಚು ಎದ್ದಿದ್ದರೆ ಗಾಳಿ ಡಿಸ್ಕಿನ ಹೊಟ್ಟೆಯ ಕೆಳಗೆ ಹೊಕ್ಕು ಅದನ್ನು ಎತ್ತಿಕೊಂಡು ಹೋಗಿಬಿಡುತ್ತದೆ. ಮೈದಾನಕ್ಕೆ ಹೋದ ಕೂಡಲೇ ನಾಲ್ಕು ಹುಲ್ಲಿನ ಎಸಳು ಕಿತ್ತು ಹಾರಿಸಿ ನೋಡಿ. ಹಳೇ ಉಪಾಯ, ಆದರೆ ಕೆಲಸ ಮಾಡುತ್ತದೆ. ಎದುರು ಗಾಳಿ ಇದ್ದರೆ ಹೊಸಬರು ಹೆದರುತ್ತಾರೆ, ನಾನು ಖುಷಿಪಡುತ್ತೇನೆ. ಡಿಸ್ಕ್ ನಿಂತು ತೇಲುತ್ತದೆ, ನಾಯಿಗೆ ಸಮಯ ಸಿಗುತ್ತದೆ.

ಇದನ್ನೆಲ್ಲ ನಾಯಿ ಇಲ್ಲದೆ ಕಲಿಯಿರಿ. ಇದು ನನ್ನ ಮುಖ್ಯ ಮಾತು. ಹತ್ತು ಡಿಸ್ಕ್ ತೆಗೆದುಕೊಂಡು ಖಾಲಿ ಮೈದಾನಕ್ಕೆ ಹೋಗಿ. 20 ಗಜದಲ್ಲಿ ಒಂದು ಬಕೆಟ್ ಇಡಿ. ಹತ್ತೂ ಎಸೆದು, ನೀವೇ ಹೋಗಿ ಹೆಕ್ಕಿಕೊಂಡು ಬನ್ನಿ. ದಿನಕ್ಕೆ ಐವತ್ತು ಎಸೆತ. ನಾನು ಹೀಗೆ ಮಾಡುವಾಗ ಪಕ್ಕದ ಮನೆಯವರು ಒಂದು ದಿನ ಕನಿಕರದಿಂದ, ‘ನಿಮ್ಮ ನಾಯಿ ಹೋಯಿತಾ?’ ಅಂತ ಕೇಳಿದ್ದರು. ಇಲ್ಲ, ಮನೆಯಲ್ಲಿ ಮಲಗಿದ್ದಾನೆ ಅಂದೆ. ಅದಾದ ಮೇಲೆ ಅವರು ನನ್ನ ಜೊತೆ ಜಾಸ್ತಿ ಮಾತಾಡುತ್ತಿರಲಿಲ್ಲ. ಇರಲಿ. ನಿಮ್ಮ ಕೆಟ್ಟ ಎಸೆತಗಳಿಗೆಲ್ಲ ನಾಯಿಯನ್ನು ಓಡಿಸಿದರೆ ಎರಡು ನಷ್ಟ. ಅದು ದಣಿಯುತ್ತದೆ. ಜೊತೆಗೆ, ಓಡಿದರೂ ಸಿಗುವುದಿಲ್ಲ ಅಂತ ಕಲಿತು ಅರ್ಧದಲ್ಲೇ ನಿಲ್ಲಲು ಶುರುಮಾಡುತ್ತದೆ.

ನಿಮ್ಮ ಊರಿಗೂ ಈ ಆಟಕ್ಕೂ ನಂಟಿದೆ, ಗೊತ್ತಾ? 1974ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಂನಲ್ಲಿ ಬೇಸ್‌ಬಾಲ್ ಪಂದ್ಯ ನಡೆಯುತ್ತಿತ್ತು. ಡಾಡ್ಜರ್ಸ್ ಎದುರು ನಿಮ್ಮ ಒಹಾಯೊದ ಸಿನ್ಸಿನಾಟಿ ರೆಡ್ಸ್. ದೇಶವಿಡೀ ಟಿವಿಯಲ್ಲಿ ನೋಡುತ್ತಿತ್ತು. ಒಹಾಯೊದ 19 ವರ್ಷದ ಕಾಲೇಜು ಹುಡುಗ ಅಲೆಕ್ಸ್ ಸ್ಟೈನ್ ತನ್ನ ನಾಯಿ ಆ್ಯಶ್ಲಿ ಜೊತೆ ಬೇಲಿ ಹಾರಿ ಮೈದಾನಕ್ಕೆ ಇಳಿದುಬಿಟ್ಟ. ಡಿಸ್ಕ್ ಎಸೆದ, ಆ್ಯಶ್ಲಿ ಓಡಿ ಹಾರಿ ಹಿಡಿಯಿತು. ಪಂದ್ಯ ನಿಂತಿತು. ಆಟಗಾರರು, ಜನ, ಟಿವಿಯಲ್ಲಿ ಮಾತಾಡುತ್ತಿದ್ದ ಜೋ ಗ್ಯಾರಜಿಯೋಲಾ, ಎಲ್ಲರೂ ಅದನ್ನೇ ನೋಡುತ್ತಾ ಕೂತರು. ಕೊನೆಗೆ ಹುಡುಗನನ್ನು ಪೊಲೀಸರು ಹಿಡಿದರು, ದಂಡವೂ ಬಿತ್ತು. ಆದರೆ ಮುಂದಿನ ವರ್ಷಗಳಲ್ಲಿ ಇದಕ್ಕೆಂದೇ ಸ್ಪರ್ಧೆ ಶುರುವಾಯಿತು. ಆ್ಯಶ್ಲಿ 1975, 76, 77 ಮೂರೂ ವರ್ಷ ಗೆದ್ದಿತು. ಅದು ವಿಪೆಟ್ ಜಾತಿಯ ನಾಯಿ. ಈ ಜಾತಿ ನೆನಪಿಟ್ಟುಕೊಳ್ಳಿ, ನಿಮ್ಮಣ್ಣನ ವಿಷಯಕ್ಕೆ ಬೇಕು. ಬೇಲಿ ಹಾರುವುದು ಮಾತ್ರ ಬೇಡ.

ಈಗ ಚುಕ್ಕಿಗೆ ಬರೋಣ. ಅವಳಿಗೂ ಎರಡು ಕೆಲಸ ಇದೆ.

ಒಂದು, ವಾಪಸು ತರುವುದು. ಡಿಸ್ಕ್ ಬಾಯಲ್ಲಿ ಇಟ್ಟುಕೊಂಡು ಅವಳು ಸುತ್ತುವಾಗ ನೀವೇನು ಮಾಡಿದಿರಿ? ಹಿಂದೆ ಓಡಿರುತ್ತೀರಿ. ಅವಳ ಲೆಕ್ಕದಲ್ಲಿ ಅದು ಇನ್ನೂ ಒಳ್ಳೆಯ ಆಟ. ಇನ್ನು ಮುಂದೆ ಅವಳ ಕಡೆ ಒಂದು ಹೆಜ್ಜೆಯೂ ಇಡಬೇಡಿ. ಬೆನ್ನು ತಿರುಗಿಸಿ ಎದುರು ದಿಕ್ಕಿಗೆ ಓಡಿ, ಅವಳೇ ಹಿಂದೆ ಬರುತ್ತಾಳೆ. ಮನೆಯಲ್ಲಿ ಎರಡು ಡಿಸ್ಕ್ ಇಟ್ಟು ಆಡಿ. ಮೊದಲನೆಯದನ್ನು ತಂದು ಕಾಲ ಬಳಿ ಹಾಕಿದ ಕ್ಷಣವೇ ಎರಡನೆಯದು ಹಾರಬೇಕು. ‘ಬಿಡು’ ಅಂದರೆ ಆಟ ಮುಗಿಯಿತು ಅಂತಲ್ಲ, ಇನ್ನೊಂದು ಶುರುವಾಯಿತು ಅಂತ ಅವಳಿಗೆ ಅರ್ಥವಾಗಬೇಕು. ಕೆಲವರು ಬಾಯಿಂದ ಕಿತ್ತುಕೊಳ್ಳುತ್ತಾರೆ. ಹಗ್ಗ ಜಗ್ಗಾಟದಲ್ಲಿ ನಾಯಿ ಗೆಲ್ಲುತ್ತದೆ, ಸಮಯ ಸೋಲುತ್ತದೆ.

ಎರಡು, ಓಡಲು ಶುರುಮಾಡುವುದು. ಬಹಳ ನಾಯಿಗಳು ಎದುರಿಗೆ ನಿಂತು ನಮ್ಮ ಮುಖ ನೋಡುತ್ತಾ ಕಾಯುತ್ತವೆ. ಡಿಸ್ಕ್ ತಲೆ ಮೇಲೆ ಹೋದ ಮೇಲೆ ತಿರುಗಿ ಓಡುತ್ತವೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ನಿಮ್ಮ ಮೂರನೆಯ ಎಸೆತ ಇದೇ ಇರಬೇಕು. ಅವಳಿಗೆ ನಿಮ್ಮ ಬೆನ್ನ ಹಿಂದಿನಿಂದ ಒಂದು ಸುತ್ತು ಬಂದು ಮುಂದೆ ಓಡಲು ಕಲಿಸಿ. ಕೈಯಲ್ಲಿ ಡಿಸ್ಕ್ ತೋರಿಸಿ ಸುತ್ತಿಸಿ, ಸುತ್ತು ಮುಗಿಯುವಾಗ ನೆಲದ ಮೇಲೆ ಚಕ್ರದ ಹಾಗೆ ಉರುಳಿಸಿ ಬಿಡಿ. ಉರುಳುವುದನ್ನು ಅಟ್ಟಿಸುವುದು ನಾಯಿಗೆ ಯಾರೂ ಕಲಿಸಬೇಕಿಲ್ಲ. ಎರಡು ವಾರದಲ್ಲಿ ರೂಢಿಯಾಗುತ್ತದೆ. ಆಮೇಲೆ ಅವಳು ಓಡುತ್ತಿರುವಾಗ ನೀವು ಎಸೆಯುತ್ತೀರಿ. ಡಿಸ್ಕ್ ಅವಳ ಹೆಗಲ ಪಕ್ಕದಿಂದ ಮುಂದೆ ಹೋಗಿ, ನಿಧಾನವಾಗಿ ತೇಲುತ್ತಾ, ಅವಳ ಮೂಗಿನ ಎತ್ತರಕ್ಕೆ ಇಳಿಯಬೇಕು. ಅವಳು ಓಟ ನಿಲ್ಲಿಸದೆ ಬಾಯಿ ಹಾಕಿ ತೆಗೆದುಕೊಳ್ಳಬೇಕು. ಅಂಥ ಒಂದು ಎಸೆತ ಸಿಕ್ಕ ದಿನ ನಿಮಗೆ ರಾತ್ರಿ ನಿದ್ದೆ ಬರುವುದಿಲ್ಲ, ನೋಡಿ.

ಎತ್ತರ ಹಾರಿಸುವ ಆಸೆಯ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಫೋಟೊಗಳಲ್ಲಿ ನಾಯಿ ನೆಟ್ಟಗೆ ಕಂಬದ ಹಾಗೆ ಮೇಲೆ ಹೋಗಿ, ಮೈ ತಿರುಚಿ ಹಿಡಿಯುವುದನ್ನು ನೋಡಿರುತ್ತೀರಿ. ಚಂದ ಕಾಣುತ್ತದೆ. ಆದರೆ ಅದು ಇಳಿಯುವುದು ಹಿಂದಿನ ಎರಡು ಕಾಲಿನ ಮೇಲೆ. ಮೈಭಾರವೆಲ್ಲ ಹಿಂಗಾಲಿನ ಮಂಡಿ ಮತ್ತು ಬೆನ್ನಿಗೆ ಬೀಳುತ್ತದೆ. ಮಂಡಿಯೊಳಗಿನ ಅಸ್ಥಿರಜ್ಜು ಹರಿದರೆ ಆಪರೇಷನ್, ತಿಂಗಳುಗಟ್ಟಲೆ ವಿಶ್ರಾಂತಿ. ಅಂಥ ಹಾರಾಟ ಆಗುವುದೂ ನಮ್ಮ ಕೈಯಿಂದಲೇ. ಡಿಸ್ಕ್ ನಾಯಿಯ ನೆತ್ತಿಯ ಮೇಲೆ ಬಂದು ನಿಂತರೆ ಪಾಪ ಅದು ಇನ್ನೇನು ಮಾಡುತ್ತದೆ? ಡಿಸ್ಕ್ ಮುಂದೆ ಹೋಗುತ್ತಿದ್ದರೆ ನಾಯಿಯೂ ಕುದುರೆ ಹಳ್ಳ ದಾಟಿದ ಹಾಗೆ ಉದ್ದಕ್ಕೆ ಹಾರಿ, ಮುಂಗಾಲಿನಿಂದ ಇಳಿದು, ಓಟ ಮುಂದುವರಿಸುತ್ತದೆ. ಆ ಅರ್ಧ ಅಂಕ ತಾನಾಗಿ ಬರುತ್ತದೆ. 2012ರಲ್ಲಿ ಕೆನಡಾದ ಆಲ್ಬರ್ಟಾದಲ್ಲಿ ರಾಬ್ ಮೆಕ್ಲೌಡ್ ಎಸೆದ ಡಿಸ್ಕನ್ನು ಡೇವಿ ಎಂಬ ವಿಪೆಟ್ 122.5 ಮೀಟರ್ ದೂರದಲ್ಲಿ ಹಿಡಿದು ಗಿನ್ನೆಸ್ ದಾಖಲೆ ಮಾಡಿತು. ಕ್ರಿಕೆಟ್‌ನಲ್ಲಾದರೆ ಅದು ಬೌಂಡರಿ ದಾಟಿ ಪ್ರೇಕ್ಷಕರ ಮಧ್ಯೆ ಬೀಳುವ ಸಿಕ್ಸರ್. ಅಲ್ಲೂ ಗೆದ್ದದ್ದು ಓಟ ಮತ್ತು ಅಂದಾಜು.

ಡಿಸ್ಕ್ ಯಾವುದು ಅಂತ ನೀವು ಬರೆದಿಲ್ಲ. ಮನುಷ್ಯರು ಆಡುವ ಅಲ್ಟಿಮೇಟ್ ಡಿಸ್ಕ್ 175 ಗ್ರಾಂ ತೂಗುತ್ತದೆ. ಅದು ಓಡಿಬರುವ ನಾಯಿಯ ಹಲ್ಲಿಗೆ ಬಡಿದರೆ ಏನಾಗುತ್ತದೆ ಯೋಚಿಸಿ. ನಾಯಿಗಳಿಗೆಂದೇ ಮಾಡಿದ ಮೆತ್ತನೆಯ ಪ್ಲಾಸ್ಟಿಕ್ಕಿನದು ಸುಮಾರು 110 ಗ್ರಾಂ ಇರುತ್ತದೆ, ಅದನ್ನೇ ಕೊಳ್ಳಿ. ಹಲ್ಲಿನ ಗುರುತು ಬಿದ್ದು ಅಂಚು ಚೂಪಾದರೆ ಸಣ್ಣ ಮರಳು ಕಾಗದದಿಂದ ಉಜ್ಜಿ. ಬಿರುಕು ಬಿಟ್ಟದ್ದು ಕಸಕ್ಕೆ. ಇಲ್ಲದಿದ್ದರೆ ನಾಲಿಗೆ ಕೊಯ್ಯುತ್ತದೆ. ಬಣ್ಣ ಕೆಂಪು ಬೇಡ. ನಾಯಿಗೆ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ, ಹುಲ್ಲಿನಲ್ಲಿ ಕಳೆದುಹೋಗುತ್ತದೆ. ಬಿಳಿ ಅಥವಾ ನೀಲಿ ಒಳ್ಳೆಯದು. ಆಟ ಮುಗಿದ ಮೇಲೆ ಕಪಾಟಿನಲ್ಲಿ ಇಡಿ. ದಿನವಿಡೀ ಕಚ್ಚಲು ಸಿಗುವ ವಸ್ತುವಿನ ಮೇಲೆ ನಾಯಿಗೆ ಆಸೆ ಉಳಿಯುವುದಿಲ್ಲ.

ಬಿಸಿಲಿನ ಬಗ್ಗೆ ಹುಷಾರು. ಡಿಸ್ಕ್ ಹುಚ್ಚಿನ ನಾಯಿ ತಾನಾಗಿ ನಿಲ್ಲಿಸುವುದಿಲ್ಲ, ಬೀಳುವ ತನಕ ಓಡುತ್ತದೆ. ಅದಕ್ಕೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರೇ ದಾರಿ. ನಾಲಿಗೆ ಅಗಲವಾಗಿ ಸೌಟಿನ ಹಾಗೆ ಹೊರಬಿದ್ದು, ಒಸಡು ಕಡುಗೆಂಪಾಗಿ, ನಡಿಗೆ ತೂರಾಡಿದರೆ ಆಟ ಅಲ್ಲಿಗೇ ಸಾಕು. ನೆರಳಿಗೆ ಕರೆದುಕೊಂಡು ಹೋಗಿ, ಮೈಗೆ ತಣ್ಣೀರು ಹಾಕಿ, ಗಾಳಿ ಬೀಸುತ್ತಾ ಡಾಕ್ಟರ ಬಳಿ ಹೊರಡಿ. ನಾಯಿಯ ಮೈಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಚಿಲ್ಲರೆ. 41 ದಾಟಿದರೆ ಜೀವಕ್ಕೇ ಅಪಾಯ. ಒಂದು ಸಲಕ್ಕೆ ಹತ್ತು ಹದಿನೈದು ಎಸೆತ ಸಾಕು. ಅವಳಿಗೆ ‘ಇನ್ನೂ ಬೇಕು’ ಅನ್ನಿಸುವಾಗಲೇ ನಿಲ್ಲಿಸಿ. ಆಟಕ್ಕೆ ಮೊದಲು ಐದು ನಿಮಿಷ ನಡೆಸಿ, ಮುಗಿದ ಮೇಲೂ ನಡೆಸಿ. ಹೊಟ್ಟೆ ತುಂಬ ಊಟ ಮಾಡಿಸಿ ಮೈದಾನಕ್ಕೆ ತರಬೇಡಿ.

ಸ್ಪರ್ಧೆ ಆರಿಸುವಾಗ ಮೊದಲು ಹೊಸಬರ ವಿಭಾಗ ಇದೆಯಾ ಕೇಳಿ. ಸ್ಕೈಹೌಂಡ್ಜ್ ಥರದ ಸಂಘಟನೆಗಳಲ್ಲಿ ಬೆರಕೆ ನಾಯಿಗೂ ಜಾಗ ಇದೆ, ವಂಶಾವಳಿ ಕಾಗದ ಕೇಳುವುದಿಲ್ಲ. ಅಪ್‌ಡಾಗ್ ಎಂಬ ಇನ್ನೊಂದು ಸಂಘಟನೆಯವರ ಆಟಗಳಲ್ಲಿ ದೂರ ಎಸೆಯಲು ಬಾರದವರಿಗೂ ಅವಕಾಶ ಜಾಸ್ತಿ. ಅಲ್ಲಿ ಸಣ್ಣ ಅಡೆತಡೆ ದಾಟಿ ಡಿಸ್ಕ್ ಹಿಡಿಯುವ ಆಟವೂ ಇದೆ. ಚುಕ್ಕಿ ಬೆದೆಯಲ್ಲಿದ್ದರೆ ಆ ದಿನ ಮನೆಯಲ್ಲೇ ಇರಲಿ, ಹಲವು ಕಡೆ ಬಿಡುವುದಿಲ್ಲ. ಹಾಡು ಹಾಕಿಕೊಂಡು ಹಲವಾರು ಡಿಸ್ಕ್ ಹಿಡಿದು ಕುಣಿಯುವ ಫ್ರೀಸ್ಟೈಲ್ ನೋಡಿ ನಿಮಗೂ ಮನಸ್ಸಾಗಬಹುದು. ಒಂದು ವರ್ಷ ಬಿಟ್ಟು ಕೇಳಿ, ಆಗ ಹೇಳುತ್ತೇನೆ.

ಸ್ಪರ್ಧೆಯ ದಿನಕ್ಕೆ ಒಂದೇ ಕಿವಿಮಾತು: ಮೊದಲ ಎಸೆತ 20 ಗಜ ಸಾಕು. ಕೈ ನಡುಗುತ್ತಿರುತ್ತದೆ, ಅವಳಿಗೂ ಹೊಸ ಜಾಗ. ಒಂದು ಹಿಡಿದಳು ಅಂದರೆ ಇಬ್ಬರಿಗೂ ಉಸಿರು ಬರುತ್ತದೆ. ದೂರ ಆಮೇಲೆ.

ಇನ್ನು ಮುಧೋಳ ಮರಿ. ವಿಪೆಟ್ ನೆನಪಿಡಿ ಅಂದಿದ್ದೆನಲ್ಲ, ಮುಧೋಳವೂ ಅದೇ ರೀತಿಯ ನಾಯಿ. ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವುದು, ಉದ್ದ ಕಾಲು, ಆಳವಾದ ಎದೆ, ತೆಳು ಹೊಟ್ಟೆ. ಓಡುವ ವಸ್ತು ಕಂಡರೆ ಸಾಕು, ಹಿಂದೆ ಬೀಳುತ್ತದೆ. ಹಾಗಾಗಿ ಆಗುತ್ತದಾ ಅಂದರೆ ಆಗುತ್ತದೆ. ಆದರೆ ಒಂಬತ್ತು ತಿಂಗಳಿಗೆ ಹಾರಿಸುವುದು ಖಂಡಿತ ಬೇಡ. ಎಲುಬಿನ ತುದಿಯ ಬೆಳವಣಿಗೆ ಇನ್ನೂ ಮುಗಿದಿರುವುದಿಲ್ಲ, ಪೆಟ್ಟಾದರೆ ಕಾಲು ಸೊಟ್ಟಗಾಗಬಹುದು. ಒಂದೂವರೆ ವರ್ಷ ಆಗುವ ತನಕ ಉರುಳಿಸುವ ಆಟ ಮಾತ್ರ. ಡಿಸ್ಕ್‌ನಲ್ಲೇ ಊಟ ಹಾಕಿದರೆ ಅದರ ಮೇಲೆ ಪ್ರೀತಿ ಹುಟ್ಟುತ್ತದೆ. ಬೇಟೆನಾಯಿಗೆ ವಾಪಸು ಬರುವ ಅಭ್ಯಾಸ ಕಡಿಮೆ, ಮೊಲ ಕಂಡರೆ ನಿಮ್ಮಣ್ಣನ ಹೆಸರೂ ಅದಕ್ಕೆ ನೆನಪಿರುವುದಿಲ್ಲ. ಆದ್ದರಿಂದ ಬೇಲಿ ಇರುವ ಜಾಗ, ಇಲ್ಲವೇ ಉದ್ದ ಹಗ್ಗ. ಬಾಗಲಕೋಟೆಯ ಬಿಸಿಲಲ್ಲಿ ಬೆಳಿಗ್ಗೆ ಏಳರ ಒಳಗೆ ಮುಗಿಸಬೇಕು. ಕೊಯ್ಲಾದ ಜೋಳದ ಹೊಲ ಖಾಲಿ ಮೈದಾನದ ಹಾಗೆ ಕಾಣುತ್ತದೆ, ಆದರೆ ಕೂಳೆ ಪಾದಕ್ಕೆ ಚುಚ್ಚುತ್ತದೆ. ಮುಧೋಳದ ಚರ್ಮ ತೆಳು, ಬೇಗ ಹರಿಯುತ್ತದೆ.

ಊರಿಗೆ ಹೋಗುವಾಗ ನಾಲ್ಕೈದು ಡಿಸ್ಕ್ ತೆಗೆದುಕೊಂಡು ಹೋಗಿ. ಮರಿ ದೊಡ್ಡದಾಗಲು ಇನ್ನೂ ಒಂಬತ್ತು ತಿಂಗಳಿದೆ. ಅಷ್ಟರಲ್ಲಿ ನಿಮ್ಮಣ್ಣ ಬಕೆಟ್ ಇಟ್ಟುಕೊಂಡು ಎಸೆಯಲು ಕಲಿಯಲಿ.